ಕಷಾಯದ ಮಾವ ಕಾಡಿಗೆ ಹೊರಟರೆ

ಪ್ರತಿ ಬಂಧುಬಳಗದಲ್ಲೂ ಒಬ್ಬ ಕಷಾಯದ ಮಾವ ಇರುತ್ತಾರೆ. ನಿವೃತ್ತರು. ಪಂಚೆಯ ಕೆಳಗೆ ಮಗ ಕೊಡಿಸಿದ ಸ್ಪೋರ್ಟ್ಸ್ ಶೂ, ಕಂಕುಳಲ್ಲಿ ಮಡಚಿದ ಬಟ್ಟೆ ಚೀಲ. ಚೀಲ ಹೋಗುವಾಗ ಖಾಲಿ ಇರುತ್ತದೆ, ಬರುವಾಗ ಇರುವುದಿಲ್ಲ. ಅವರ ಕಣ್ಣಿಗೆ ಗಿಡವೆಂದರೆ ಎಲೆಯೂ ಅಲ್ಲ, ಹೂವೂ ಅಲ್ಲ, ಯಾವುದೋ ಒಂದು ಕಾಯಿಲೆಯ ಶತ್ರು. ಆಡುಸೋಗೆ ಕಂಡರೆ ಕೆಮ್ಮು, ನೆಲನೆಲ್ಲಿ ಕಂಡರೆ ಕಾಮಾಲೆ. ಮುಟ್ಟಿದರೆ ಮುನಿ ಕಂಡರೆ ನಾಲ್ಕು ಜನರ ಎದುರು ಹೇಳಬಾರದ ಕಾಯಿಲೆ. ಅದನ್ನು ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಾರೆ.

ಇಂಥವರನ್ನು ನೋಡಿದರೆ ನಾಮದ ಚಿಲುಮೆಯಲ್ಲಿ ನೋಡಬೇಕು. ತುಮಕೂರಿನಿಂದ ಸುಮಾರು 15 ಕಿ.ಮೀ., ದೇವರಾಯನದುರ್ಗದ ದಾರಿ. ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ ಶ್ರೀರಾಮ ಬಂಡೆಗೆ ಬಾಣ ಬಿಟ್ಟ, ಚಿಲುಮೆ ಉಕ್ಕಿತು ಅನ್ನುವುದು ಸ್ಥಳಪುರಾಣ. ಜಿಂಕೆವನ, ಔಷಧಿ ಗಿಡಗಳ ತೋಟ, ಮರಗಳ ನಡುವೆ ಒಂದಿಷ್ಟು ನಡಿಗೆ. ಮೊಮ್ಮಕ್ಕಳೂ ಮಂಡಿನೋವಿನ ಅಜ್ಜಿಯೂ ಒಟ್ಟಿಗೆ ನಡೆದು ಮುಗಿಸಬಹುದು. ಟ್ರೆಕ್ಕಿಂಗ್ ಅಂತ ಸ್ಟೇಟಸ್ ಹಾಕಿಕೊಳ್ಳುವುದು ಅವರವರ ಧೈರ್ಯ.

ನಡಿಗೆ ಚಿಕ್ಕದೇ, ಮಾವ ಜೊತೆಗಿದ್ದರೆ ಮುಗಿಯುವುದಿಲ್ಲ. "ಇದ್ಯಾವುದು ಗೊತ್ತೇನೋ?" ಎಂದು ಹೆಜ್ಜೆಹೆಜ್ಜೆಗೂ ನಿಲ್ಲುತ್ತಾರೆ. ಅಪ್ಪಿತಪ್ಪಿ ಯಾರಾದರೂ ಸರಿಯಾಗಿ ಹೇಳಿಬಿಟ್ಟರೆ, "ಹೆಸರು ಹೇಳಿಬಿಟ್ರೆ ಆಯ್ತಾ? ಬೇರು ಯಾತಕ್ಕೆ ಬರುತ್ತೆ ಹೇಳು ನೋಡೋಣ." ಮಕ್ಕಳು ಜಿಂಕೆ ನೋಡುತ್ತಿದ್ದರೆ ಮಾವ ಜಿಂಕೆ ಏನು ಮೇಯುತ್ತಿದೆ ಅಂತ ನೋಡುತ್ತಿರುತ್ತಾರೆ.

ಅವರ ಬಾಯಿ ಕಟ್ಟುವುದು ಲಂಟಾನ ಒಂದೇ. ಅಂದಕ್ಕೆಂದು ಬ್ರಿಟಿಷರು ಅಮೆರಿಕ ಖಂಡದಿಂದ ತಂದ ಈ ಗಿಡ ಈಗ ನಮ್ಮ ಕಾಡುಗಳ ತಳವನ್ನೆಲ್ಲ ಆಕ್ರಮಿಸಿದೆ. ಅದರ ಪೊದೆ ಬಂದಾಗಲೆಲ್ಲ ಮಾವ ಸಿಲಬಸ್ಸಿನಲ್ಲಿಲ್ಲದ ಪ್ರಶ್ನೆ ಕಂಡ ವಿದ್ಯಾರ್ಥಿಯಂತೆ ಬೇಗ ಬೇಗ ದಾಟುತ್ತಾರೆ. ನಾವು ಹೋದಾಗ ಮೊಮ್ಮಕ್ಕಳಲ್ಲಿ ಚಿಕ್ಕವಳು ಬಿಡಲಿಲ್ಲ. "ತಾತ, ಇದು ಯಾತಕ್ಕೆ?" "ಇದಕ್ಕೂ ಏನೋ ಇದೆ ಪುಟ್ಟಿ. ನೆನಪಿಗೆ ಬರ್ತಿಲ್ಲ." ನೆನಪಿಗೆ ಒಂದೆಲಗದ ತಂಬುಳಿ ಒಳ್ಳೆಯದು ಅಂತ ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಹೇಳಿದ್ದರು.

ಬಂಡೆಗಳ ಕಡೆ ಒಬ್ಬ ಹುಡುಗ ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದು ಪೊದೆಯ ಹಿಂದೆ ಕೂತಿದ್ದ. ಹಳದಿ ಕೊರಳಿನ ಪಿಕಳಾರಕ್ಕಾಗಿ. ಬಂಡೆಗುಡ್ಡಗಳ ಕುರುಚಲು ಕಾಡಲ್ಲಿ ಮಾತ್ರ ಕಾಣುವ ಈ ನಾಚಿಕೆಯ ಹಕ್ಕಿಯನ್ನು ಹುಡುಕಿಕೊಂಡು ಜನ ಎಲ್ಲೆಲ್ಲಿಂದಲೋ ದೇವರಾಯನದುರ್ಗಕ್ಕೆ ಬರುತ್ತಾರೆ. ತುಟಿಗೆ ಬೆರಳಿಟ್ಟು "ಶ್" ಅಂದ. ಮಾವನೂ ಪಿಸುದನಿಯಲ್ಲೇ, ಅಂದರೆ ಆಚೆ ಗುಡ್ಡಕ್ಕೆ ಕೇಳುವಷ್ಟು ಮೆಲ್ಲಗೆ, ಹೇಳಿದರು: "ನೀನು ಒರಗಿರೋದು ಲಕ್ಕಿ ಗಿಡ ಕಣಪ್ಪ. ಸೊಂಟನೋವಿಗೆ ಇದರಪ್ಪನಂಥದ್ದು ಇಲ್ಲ." ಹಕ್ಕಿ ಇತ್ತೋ ಇಲ್ಲವೋ, ಆಮೇಲಂತೂ ಇರಲಿಲ್ಲ. ಹುಡುಗ ಜಗಳಕ್ಕೆ ಬರುತ್ತಾನೆ ಅಂದುಕೊಂಡೆ. ಅವನು ಕ್ಯಾಮೆರಾ ಕೆಳಗಿಟ್ಟು, ಸೊಂಟ ಹಿಡಿದುಕೊಂಡು ನಿಧಾನಕ್ಕೆ ಎದ್ದು ಕೇಳಿದ: "ಎಲೆ ಕುದಿಸಬೇಕಾ ಸಾರ್, ಇಲ್ಲ ಅರೆದು ಹಚ್ಚಬೇಕಾ?"

ಫಾರೆಸ್ಟ್ ಗಾರ್ಡ್ ಹತ್ತಿರ ಈ ಆಟ ನಡೆಯಲಿಲ್ಲ. "ಇಲ್ಲಿ ಏನೂ ಕೀಳಂಗಿಲ್ಲ ಸಾರ್. ಚೀಲದಾಗೇನಿದೆ?" "ಉದುರಿದ್ದು ಕಣಪ್ಪ, ಕೆಳಗೆ ಬಿದ್ದಿದ್ದು." ಗಾರ್ಡ್ ಚೀಲ ಕೊಡವಿದ. ಉದುರಿದ ಗಿಡಗಳೆಲ್ಲ ಬೇರು, ಹಸಿ ಮಣ್ಣಿನ ಸಮೇತ ಉದುರಿದ್ದವು.

ಸೋಲು ಮರೆಸಬೇಕಲ್ಲ. ಊಟಕ್ಕೆ ಕೂತಾಗ ಮಾವ ಜೇಬಿನಿಂದ ನಾಲ್ಕು ಎಲೆ ತೆಗೆದರು. ಮನೆಯ ಕಾಂಪೌಂಡಿಗೆ ಹಬ್ಬಿಸಿದ ಮಧುನಾಶಿನಿ. "ಅಗೀರೋ, ಮ್ಯಾಜಿಕ್ ತೋರಿಸ್ತೀನಿ." ಮಕ್ಕಳು ಅಗಿದರು. ಮೇಲೆ ತಲಾ ಒಂದು ಕಡ್ಲೆಮಿಠಾಯಿ. ಈ ಎಲೆ ನಾಲಿಗೆಗೆ ಸಿಹಿಯೇ ತಿಳಿಯದಂತೆ ಸ್ವಲ್ಪ ಹೊತ್ತು ಮಾಡುತ್ತದೆ. ಇದು ವಿಜ್ಞಾನವೂ ಒಪ್ಪಿದ ಮಾತು, ಮಾವನ ಮಾತುಗಳಲ್ಲಿ ಹಾಗೆ ಒಪ್ಪಿಗೆ ಪಡೆದವು ಕಡಿಮೆ. "ಥೂ, ಮಣ್ಣು!" ಅಂತ ದೊಡ್ಡವನು ಉಗಿದ. ಚಿಕ್ಕವಳು ಕೈಲಿದ್ದ ಮಿಠಾಯಿ ನೋಡಿಕೊಂಡು ಅಳತೊಡಗಿದಳು. ಮಾವ ಗೆದ್ದ ಮುಖದಿಂದ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು.

ಅತ್ತೆ ವ್ಯಾನಿಟಿ ಬ್ಯಾಗಿನಿಂದ ಮಾತ್ರೆಯ ಶೀಟು ತೆಗೆದು ಒಂದನ್ನು ಒತ್ತಿ ಅವರ ಅಂಗೈಗೆ ಹಾಕಿದರು. "ತಗೊಳ್ಳಿ, ಶುಗರ್‌ದು."

"ಅಲ್ಲ ಮಾವ, ಆ ಎಲೆ?" ಅಂದೆ.

"ಅದು ಸಕ್ಕರೆ ಕಾಯಿಲೆ ಇರೋರಿಗೆ ಕಣೋ. ನನಗಿರೋದು ಬಾರ್ಡರ್."

"ಬಾರ್ಡರ್ ದಾಟಿ ಹತ್ತು ವರ್ಷ ಆಯ್ತು," ಅಂದರು ಅತ್ತೆ, ತಲೆ ಎತ್ತದೆ ಮೊಸರನ್ನ ಬಡಿಸುತ್ತಾ.