ಪದ್ಮಿನಿಯ ಮರ್ಜಿ

ನಮ್ಮ ಭಾವನ ಮನೆಯಲ್ಲಿ ಹಿರಿಯರು ಇಬ್ಬರು: ಅತ್ತೆ ಮತ್ತು 1974ರ ಪ್ರೀಮಿಯರ್ ಪದ್ಮಿನಿ. ಅತ್ತೆ ಡಾಕ್ಟರ ಹತ್ತಿರ ಹೋಗಬೇಕೆಂದರೆ ಟ್ಯಾಕ್ಸಿ ಬರುತ್ತದೆ. ಪದ್ಮಿನಿಗೆ ನೆಗಡಿಯಾದರೂ ಭಾವ ಆಫೀಸಿಗೆ ರಜೆ ಹಾಕುತ್ತಾನೆ. "ಪಾಪ, ಅವಳು ಸಮುದ್ರ ನೋಡಿ ಬಹಳ ದಿನ ಆಯ್ತು" ಎಂದು ಅವನು ನಿಟ್ಟುಸಿರು ಬಿಟ್ಟನೆಂದರೆ ಮುಗಿಯಿತು, ಬೆಂಗಳೂರಿನಿಂದ ಮಂಗಳೂರಿಗೆ ಸವಾರಿ ಹೊರಟ ಹಾಗೆ.

ಪದ್ಮಿನಿ ಹುಟ್ಟಾ ಪದ್ಮಿನಿಯಲ್ಲ. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್ 1100 ಮೊದಲು 'ಪ್ರೆಸಿಡೆಂಟ್' ಆಯಿತು, ಆಮೇಲೆ 1974ರಲ್ಲಿ ರಜಪೂತರ ರಾಣಿಯ ಹೆಸರು ಪಡೆಯಿತು. 1089 ಸಿಸಿ ಎಂಜಿನ್, ಸುಮಾರು 40 ಅಶ್ವಶಕ್ತಿ, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಮುಂದಿನದು ಉದ್ದನೆಯ ಒಂದೇ ಸೀಟು. ಅಲ್ಲಿ ಮೂವರು ಕೂತರೆ ನಡುವಿನವನ ಮಂಡಿಗೆ ಎರಡನೇ ಗೇರಿನ ಪರಿಚಯ ಚೆನ್ನಾಗಿ ಆಗುತ್ತದೆ. ಏಸಿ ಕೇಳಿದರೆ ಭಾವ ತ್ರಿಕೋನದ ಪುಟ್ಟ ಗಾಜನ್ನು ನಿಮ್ಮ ಮುಖಕ್ಕೆ ತಿರುಗಿಸಿ, "ಈಗ?" ಎನ್ನುತ್ತಾನೆ.

ಈ ಕಾರಿನಲ್ಲಿ ಪ್ರಯಾಣಿಕರೆಂಬ ಜಾತಿಯೇ ಇಲ್ಲ, ಎಲ್ಲರೂ ಸಿಬ್ಬಂದಿ. ಅಕ್ಕ ನೀರಿನ ಕ್ಯಾನಿನ ಇನ್‌ಚಾರ್ಜ್. ನನಗೆ ಟೆಂಪರೇಚರ್ ಮುಳ್ಳು ಕಾಯುವ ಕೆಲಸ. ಮಕ್ಕಳಿಗೆ ತಳ್ಳುವ ಇಲಾಖೆ. ಯಡಿಯೂರು ದಾಟಿ, ಚನ್ನರಾಯಪಟ್ಟಣದ ಹತ್ತಿರ ಕಾಫಿಗೆ ನಿಲ್ಲಿಸಿದರೆ ಸುತ್ತ ಜನ. ಒಬ್ಬರು "ನಮ್ಮಪ್ಪನ ಹತ್ರಾನೂ ಇದೇ ಇತ್ತು" ಎಂದು ಬಾನೆಟ್ ಸವರುತ್ತಾರೆ, ಇನ್ನೊಬ್ಬರು "ಎಷ್ಟು ಕೊಡುತ್ತೆ?" ಎನ್ನುತ್ತಾರೆ, ಮೂರನೆಯವರು ನೇರವಾಗಿ "ಕೊಡ್ತೀರಾ?" ಎಂದೇ ಕೇಳುತ್ತಾರೆ. ಮೂರನೆಯವರಿಗೆ ಭಾವ ಕಾಫಿ ಕುಡಿಸುವುದಿಲ್ಲ.

ಹೋಗುವಾಗ ಸಕಲೇಶಪುರದಿಂದಾಚೆ ಇಳಿಜಾರು, ಮರ್ಯಾದೆ ಉಳಿಯುತ್ತದೆ. ಬರುವಾಗ ಗುಂಡ್ಯ ಬಿಟ್ಟು ಶಿರಾಡಿ ಏರಬೇಕಲ್ಲ, ನಾಟಕ ಶುರುವಾಗುವುದು ಅಲ್ಲಿ. ಲಾರಿಗಳ ಹಿಂದೆ ಒಂದನೇ ಗೇರಿನಲ್ಲಿ ತೆವಳಿ ತೆವಳಿ ಎಂಜಿನ್ ಕಾದು, ಪಂಪಿನಲ್ಲೇ ಪೆಟ್ರೋಲು ಆವಿಯಾಗಿ, ಕಾರ್ಬುರೇಟರಿಗೆ ತೊಟ್ಟೂ ಹೋಗುವುದಿಲ್ಲ. ಆ ಕಾಲದ ಬಹುತೇಕ ಕಾರುಗಳಿಗೆ ಇದ್ದ ಕಾಯಿಲೆಯೇ. ಮದ್ದೂ ಹಳೆಯದೇ: ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಕಾಯುವುದು. ಆ ಬಟ್ಟೆ ಯಾವಾಗಲೂ ನನ್ನ ಟವೆಲ್ಲೇ ಯಾಕಾಗಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ.

ಆಗ ಭಾವನ ಮುಖ ನೋಡಬೇಕು! ತೋಳು ಮಡಚಿ, ಎಂಜಿನ್ನಿಗೆ ಕಿಡಿ ಹಂಚುವ ಡೆಲ್ಕೋ ಬಿಚ್ಚಿ, ಅದರ ಪಾಯಿಂಟನ್ನು ಎಮರಿ ಪೇಪರಿನಲ್ಲಿ ಉಜ್ಜುತ್ತ ಮದುಮಗನಂತೆ ಕಳೆಕಳೆಯಾಗಿರುತ್ತಾನೆ. ಪಾಯಿಂಟಿಗೂ ಪೆಟ್ರೋಲ್ ಪಂಪಿಗೂ ಏನು ಸಂಬಂಧ ಅಂತ ಕೇಳಬಾರದು. ಒಂದು ಸಲ ಏನೂ ಕೆಡದೆ ಮನೆ ಮುಟ್ಟಿದಾಗ ಅವನು ಸರಿಯಾಗಿ ಊಟವನ್ನೇ ಮಾಡಲಿಲ್ಲ. ಹೇಳಿಕೊಳ್ಳಲು ಏನುಳಿಯಿತು, ಪಾಪ.

ಬೈದರೆ ಜರ್ಮನಿಗೆ ಓಡುತ್ತಾನೆ. 1888ರಲ್ಲಿ ಬೆರ್ತಾ ಬೆಂಝ್ ಎಂಬ ಮಹಾತಾಯಿ ಗಂಡನಿಗೂ ಹೇಳದೆ, ಅವನೇ ಕಟ್ಟಿದ ಮೋಟಾರು ಬಂಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ನೂರು ಕಿಲೋಮೀಟರಿನಷ್ಟು ಹೋದಳು. ಇಂಧನ ಸಿಕ್ಕಿದ್ದು ಔಷಧಿ ಅಂಗಡಿಯಲ್ಲಿ. ಕಟ್ಟಿಕೊಂಡ ಕೊಳವೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದಳು, ಸವೆದ ಬ್ರೇಕಿಗೆ ಚಮ್ಮಾರನಿಂದ ಚರ್ಮ ಹೊಡೆಸಿದಳು. "ಅವಳ ಬಂಡಿ ಸುಮ್ಮನೆ ಓಡಿದ್ದರೆ ಇವತ್ತು ಯಾರಾದರೂ ಈ ಕಥೆ ಹೇಳ್ತಿದ್ರಾ?" ಎಂಬುದು ಭಾವನ ವಾದ. ಅಕ್ಕನಿಗೆ ಹಿಡಿಸಿದ್ದು ಗಂಡನಿಗೆ ಹೇಳದೆ ಹೋದ ಭಾಗ ಮಾತ್ರ.

ಈಗ ಪದ್ಮಿನಿಗೆ 50 ತುಂಬಿದೆ. 2021ರ ಕೇಂದ್ರ ಸರ್ಕಾರದ ನಿಯಮದಂತೆ, ಮೂಲರೂಪ ಕೆಡದಿದ್ದರೆ, ಅವಳು ವಿಂಟೇಜ್ ಎಂದು ನೋಂದಣಿಯಾಗಬಹುದು. ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಆದರೆ ಹಾಗೆ ನೋಂದಾಯಿಸಿದರೆ ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲು ಇಂಥದ್ದಕ್ಕಷ್ಟೇ ರಸ್ತೆಗಿಳಿಸಬೇಕು, ದಿನನಿತ್ಯ ಓಡಿಸುವಂತಿಲ್ಲ. "ರಿಪೇರಿಗೆ ಅಂತ ಮಂಗಳೂರಿಗೆ ಹೋಗಬಹುದಲ್ಲ" ಎಂದು ಭಾವ ದಾರಿ ಹುಡುಕುತ್ತಿದ್ದಾನೆ. ಅದರಲ್ಲಿ ಸುಳ್ಳೂ ಇಲ್ಲ.

ನಿಮ್ಮ ಪರಿಚಯದಲ್ಲಿ ಇಂಥ ಭಾವ ಇದ್ದು, ಕರೆದರೆ ಖಂಡಿತ ಹೋಗಿ. ಬೇಡ ಅನ್ನಬೇಡಿ. ಮಾರನೇ ದಿನ ಮಂಗಳೂರಿನಲ್ಲಿ ಮದುವೆ ಮುಹೂರ್ತವಿದ್ದರೆ ಮಾತ್ರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿ.