ಆಕಾಶದಲ್ಲಿ ಅಜ್ಜಿಯ ಊಟ

(ವಯನಾಡಿನ ಪುಳಿಯಾರ್‌ಮಲ. ಅನಂತನಾಥ ಬಸದಿಯಿಂದ ಈಗಷ್ಟೇ ಬಂದ ಅಜ್ಜಿ. ಮೊಬೈಲಿನಲ್ಲಿ ದುಬೈ ಟಿಕೆಟ್ ತೆಗೆಯುತ್ತಿರುವ ಮೊಮ್ಮಗ.)

ಮೊಮ್ಮಗ: ನಮ್ಮ ಜಿಲ್ಲೆಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ತಾಮರಶ್ಶೇರಿ ಘಾಟಿಯ 9 ತಿರುವು ಇಳಿದು ಕರಿಪುರ ವಿಮಾನ ನಿಲ್ದಾಣಕ್ಕೆ ಹೋಗ್ಬೇಕು ಅಜ್ಜಿ.

ಅಜ್ಜಿ: ತಿರುವು ಹಾಗಿರಲಿ, ಊಟದ ಗತಿ ಏನೋ?

ಮೊಮ್ಮಗ: ‘ವಿಜೆಎಂಎಲ್’ ಅಂತ ಒತ್ತಿದ್ದೀನಿ. ಜೈನರ ಊಟ. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ, ಹಸಿಶುಂಠಿ ಒಂದೂ ಇರಲ್ಲ.

ಅಜ್ಜಿ: ಮತ್ತೇನಿರುತ್ತೆ?

ಮೊಮ್ಮಗ: ಹೆಸರು ಇರುತ್ತೆ. ಅದನ್ನೂ ಒಂದು ದಿನ ಮೊದಲೇ ಹೇಳಿರಬೇಕು.

ಅಜ್ಜಿ: ಹಸಿವಿಗೂ ಮುಂಗಡ ನೋಟಿಸೇ! ಹೊತ್ತು ಮುಳುಗಿದ ಮೇಲೆ ನಾನು ಉಣ್ಣಲ್ಲ, ನೆನಪಿರಲಿ.

ಮೊಮ್ಮಗ: ವಿಮಾನ ಪಶ್ಚಿಮಕ್ಕೇ ಹೋಗೋದು. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿ ದೀಪ ಹಚ್ಚೋ ಹೊತ್ತಿಗೆ ಅಲ್ಲಿನ್ನೂ ಬಿಸಿಲು.

ಅಜ್ಜಿ: ಬರುವಾಗ?

ಮೊಮ್ಮಗ: ಕತ್ತಲೇ ಎದುರು ಬರುತ್ತೆ. ಉಪವಾಸ.

ಅಜ್ಜಿ: ಪುಣ್ಯವೂ ಬಂತು. ಟಿಕೆಟ್ಟಿಗೆ ದುಡ್ಡೆಲ್ಲಿಂದ?

ಮೊಮ್ಮಗ: ನಮ್ಮ ತೋಟದ ಶುಂಠಿ ಮಾರಿದ್ದು.

ಅಜ್ಜಿ: (ತುಸು ಯೋಚಿಸಿ) ಹಸಿಶುಂಠಿ ತಿನ್ನಬಾರದು ಅಂತಿದೆ ಕಣೋ, ಅದರ ದುಡ್ಡಲ್ಲಿ ಹಾರಬಾರದು ಅಂತ ಎಲ್ಲೂ ಹೇಳಿಲ್ಲ. ಕಿಟಕಿ ಪಕ್ಕದ ಸೀಟೇ ಹಾಕು. ಸೂರ್ಯ ಎಲ್ಲಿದ್ದಾನೆ ಅಂತ ನಾನೇ ನೋಡ್ಕೋತೀನಿ!