ಅಳಿಯಂದಿರ ಲಿನಕ್ಸ್

ಮೈಸೂರಿನ ಆ ಮನೆಯಲ್ಲಿ ಕಂಪ್ಯೂಟರ್ ಕೆಟ್ಟಿದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅಳಿಯಂದಿರನ್ನು ಅಂದಂತಾಗುತ್ತದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಕೈಬಿಟ್ಟಿತು. ಮಾವನವರ ಹಳೆಯ ಡೆಸ್ಕ್‌ಟಾಪಿಗೆ ವಿಂಡೋಸ್ 11 ಹಾಕಿಸಿಕೊಳ್ಳುವ ಯೋಗ್ಯತೆ ಇರಲಿಲ್ಲ, ಮಾವನವರಿಗೆ ಹೊಸದು ಕೊಳ್ಳುವ ಮನಸ್ಸಿರಲಿಲ್ಲ. ಮುಂದಿನ ವಾರವೇ ದೀಪಾವಳಿ. ಹಬ್ಬಕ್ಕೆ ಬಂದ ಅಳಿಯನಿಗೆ ಏನಾದರೂ ಕೊಟ್ಟು ಕಳಿಸುವುದು ರೂಢಿ. ಈ ಅಳಿಯಂದಿರು ತಾವೇ ಕೊಟ್ಟು ಹೋದರು: ಉಬುಂಟು ಲಿನಕ್ಸ್, ಜೊತೆಗೆ ಎರಡು ಬ್ರೌಸರು.

ಅಂದಿನಿಂದ ದೂರುಗಳು ಬೆಂಗಳೂರಿನಲ್ಲಿರುವ ಅಳಿಯಂದಿರಿಗೆ ತಲುಪುವ ಧಾಟಿಯೇ ಬೇರೆ. "ಕಂಪ್ಯೂಟರ್ ಬಹಳ ಚೆನ್ನಾಗಿದೆ ಅಳಿಯಂದಿರೇ. ಮೊದಲಿಗಿಂತ ಫಾಸ್ಟು. ಬೆಳಗ್ಗೆಯಿಂದ ಗೂಗಲ್ ಒಂದು ಬರ್ತಾ ಇಲ್ಲ, ಅಷ್ಟೇ. ನಿಮಗೆ ಪುರುಸೊತ್ತಾದಾಗ ನೋಡಿ, ಅವಸರವೇನಿಲ್ಲ." ಅವಸರವೇನಿಲ್ಲ ಎಂದರೆ ಊಟಕ್ಕೆ ಮುಂಚೆ ಆಗಬೇಕು ಎಂದರ್ಥ. ಭಾವಮೈದುನನಿಗೆ ಈ ನಯವಿಲ್ಲ. ಹಿಂದಿನಿಂದ ಅವನ ಧ್ವನಿ ಕೇಳುತ್ತದೆ: "ಭಾವ, ಸುಮ್ನೆ ವಿಂಡೋಸ್ ಹಾಕಿಬಿಡೋಣ."

ಲಿನಕ್ಸಿನಲ್ಲಿ ಬ್ರೌಸರಿನ ರಗಳೆ ಬಿಡಿಸಿ ಕೂದಲು ಉದುರಿಸಿಕೊಂಡವರಿಗೆ ಗೊತ್ತು, ದೂರೆಲ್ಲ ಬ್ರೌಸರಿನ ಮೇಲೆ ಬಂದರೂ ತಪ್ಪು ಅದರದ್ದಾಗಿರುವುದು ಅಪರೂಪ. ಸಾಹೇಬರು ಸೀಟಿನಲ್ಲಿಲ್ಲದ್ದಕ್ಕೆ ಬಾಗಿಲಲ್ಲಿ ನಿಂತ ಜವಾನ ಬೈಸಿಕೊಳ್ಳುವ ಹಾಗೆ, ಒಳಗೆ ಗಡಿಯಾರ ತಪ್ಪಿರಲಿ, ಡಿಸ್ಕ್ ತುಂಬಿರಲಿ, ಗ್ರಾಫಿಕ್ಸ್ ಡ್ರೈವರ್ ಮುನಿಸಿಕೊಂಡಿರಲಿ, ಬೈಗುಳ ತಿನ್ನುವುದು ಬ್ರೌಸರು.

ಮೊದಲ ದೊಡ್ಡ ಗಲಾಟೆ ನಾಮಕರಣದಿಂದ ಹುಟ್ಟಿತು. ಲಿನಕ್ಸ್ ಹಾಕುವಾಗ ಕಂಪ್ಯೂಟರಿಗೊಂದು ಹೆಸರಿಡಬೇಕು. ಇನ್‌ಸ್ಟಾಲರ್ ಸೂಚಿಸಿದ್ದ ಮಾರುದ್ದದ ಹೆಸರು ಅಳಿಯಂದಿರಿಗೆ ರುಚಿಸಿರಲಿಲ್ಲ. ಒಂದು ಭಾನುವಾರ ಬೆಂಗಳೂರಿನಲ್ಲಿ ಕೂತೇ ಮಾವನವರ ಕಂಪ್ಯೂಟರಿನೊಳಗೆ ಇಣುಕಿ ಅದನ್ನು 'ಮೈಸೂರ್‌ಪಾಕ್' ಎಂದು ಬದಲಿಸಿದರು. ಅದೇ ಹೊತ್ತಿಗೆ ಅಲ್ಲಿ ಮಾವನವರು ಕ್ರೋಮಿಯಂ ತಳಿಯ ಬ್ರೌಸರಿನಲ್ಲಿ ಪೇಪರ್ ಓದುತ್ತಿದ್ದರು. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಕರೆಂಟು ಬಂದ ಮೇಲೆ ಬ್ರೌಸರ್ ಒತ್ತಿದರೆ ಪರದೆಯ ಮೇಲೊಂದು ಎಚ್ಚರಿಕೆ: ಈ ಪ್ರೊಫೈಲನ್ನು ಬೇರೊಂದು ಕಂಪ್ಯೂಟರ್ ಬಳಸುತ್ತಿರುವಂತಿದೆ, ಆದ್ದರಿಂದ ಬೀಗ ಹಾಕಲಾಗಿದೆ.

ಡಿಜಿಟಲ್ ಅರೆಸ್ಟಿನ ಸುದ್ದಿಗಳನ್ನು ಓದಿ ಮೊದಲೇ ಬೆದರಿದ್ದ ಮಾವನವರಿಗೆ ಇನ್ನೇನು ಬೇಕು? ಯಾರೋ ಒಳಗೆ ನುಗ್ಗಿದ್ದಾರೆ ಎಂದು ಖಾತ್ರಿಯಾಯಿತು. ಭಾವಮೈದುನ ಓಡಿಹೋಗಿ ರೌಟರಿನ ಪ್ಲಗ್ ಕಿತ್ತ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವುದೋ ಅಳಿಯಂದಿರಿಗೆ ಮಾಡುವುದೋ ಎಂದು ಐದು ನಿಮಿಷ ಚರ್ಚೆ ನಡೆದು, ಅತ್ತೆಯವರ ಒತ್ತಾಯಕ್ಕೆ ಅಳಿಯಂದಿರು ಗೆದ್ದರು.

ಒಳಗೆ ನುಗ್ಗಿದವರು ಯಾರೂ ಇರಲಿಲ್ಲ, ಒಬ್ಬರನ್ನು ಬಿಟ್ಟರೆ. ಕ್ರೋಮಿಯಂ ಬ್ರೌಸರ್ ಶುರುವಾದಾಗ ತನ್ನ ಪ್ರೊಫೈಲ್ ಫೋಲ್ಡರಿನಲ್ಲಿ 'ಸಿಂಗಲ್ಟನ್‌ಲಾಕ್' ಎಂಬ ಗುರುತು ಬಿಟ್ಟಿರುತ್ತದೆ. ಒಂದೇ ಪ್ರೊಫೈಲನ್ನು ಎರಡು ಬ್ರೌಸರುಗಳು ಒಟ್ಟಿಗೆ ತೆರೆದು ಬುಕ್‌ಮಾರ್ಕು, ಕುಕಿಗಳನ್ನೆಲ್ಲ ಕಲಸುಮೇಲೋಗರ ಮಾಡದಿರಲಿ ಎಂಬ ಮುಂಜಾಗ್ರತೆ ಅದು. ಆ ಗುರುತಿನಲ್ಲಿ ಎರಡೇ ವಿವರ: ಕಂಪ್ಯೂಟರಿನ ಹೆಸರು, ಪ್ರೊಸೆಸ್ಸಿನ ಸಂಖ್ಯೆ. ಬ್ರೌಸರನ್ನು ಸರಿಯಾಗಿ ಮುಚ್ಚಿದರೆ ಗುರುತು ಅಳಿಯುತ್ತದೆ. ಕರೆಂಟು ಹೋದರೆ ಉಳಿಯುತ್ತದೆ. ಉಳಿದರೂ ಸಾಮಾನ್ಯವಾಗಿ ತೊಂದರೆಯಿಲ್ಲ, ಆ ಸಂಖ್ಯೆಯ ಪ್ರೊಸೆಸ್ ಬದುಕಿದೆಯೇ ಎಂದು ನೋಡಿ, ಇಲ್ಲದಿದ್ದರೆ ಬ್ರೌಸರೇ ಬೀಗ ತೆಗೆದುಕೊಳ್ಳುತ್ತದೆ. ಈ ಸಲ ಬೀಗದಲ್ಲಿ ಹಳೆಯ ಹೆಸರಿತ್ತು, ಕಂಪ್ಯೂಟರ್ ಮಾತ್ರ ಮೈಸೂರ್‌ಪಾಕ್ ಆಗಿತ್ತು. ಬೇರೆಯವರ ಮನೆಯ ಪ್ರೊಸೆಸ್ ಬದುಕಿದೆಯೋ ಸತ್ತಿದೆಯೋ ನೋಡಲು ಬ್ರೌಸರಿಗೆ ದಾರಿಯಿಲ್ಲವಾದ್ದರಿಂದ ಅದು ಮರ್ಯಾದೆಯಾಗಿ ಹಿಂದೆ ಸರಿಯಿತು. ಫೈರ್‌ಫಾಕ್ಸಿನಲ್ಲೂ ಇಂಥದೇ ಬೀಗವಿದೆ. "ಫೈರ್‌ಫಾಕ್ಸ್ ಈಗಾಗಲೇ ಓಡುತ್ತಿದೆ, ಆದರೆ ಪ್ರತಿಕ್ರಿಯಿಸುತ್ತಿಲ್ಲ" ಎಂದು ಅದು ಹೇಳಿದಾಗ, ಎಲ್ಲೂ ಕಾಣಿಸದ ಆ ಫೈರ್‌ಫಾಕ್ಸನ್ನು ಹುಡುಕಿ ಮೇಜಿನ ಕೆಳಗೆ ಬಗ್ಗಿ ನೋಡದವರು ಕಡಿಮೆ.

ಪರಿಹಾರ ಒಂದು ಫೈಲ್ ಅಳಿಸುವುದಷ್ಟೇ. ರೌಟರಿನ ಪ್ಲಗ್ ಭಾವಮೈದುನನ ಕೈಯಲ್ಲಿದ್ದುದರಿಂದ ಅದನ್ನು ಫೋನಿನಲ್ಲೇ ಹೇಳಿಕೊಡಬೇಕಾಯಿತು. ಇಂಥಲ್ಲಿ ಜಾಣರಾದವರು ಅಳಿಸುವ ಆಜ್ಞೆಯನ್ನು ಟರ್ಮಿನಲ್ಲಿನಲ್ಲಿ ಬರೆಸುವುದಿಲ್ಲ. 'ಆರ್‌ಎಂ' ಆಜ್ಞೆಯಲ್ಲಿ ಎಲ್ಲೋ ಒಂದು ಸ್ಪೇಸ್ ಹೆಚ್ಚಾಗಿ ಬಿದ್ದರೆ ಬೀಗದ ಬದಲು ಮಗಳ ಮದುವೆಯ ಫೋಟೋಗಳು ಹೋಗುತ್ತವೆ, ಅಳಿಯನೂ ಅಲ್ಲೇ ಇರುತ್ತಾನೆ. ಅಳಿಯಂದಿರು ಫೈಲ್ ಮ್ಯಾನೇಜರ್ ತೆರೆಸಿ ಕಂಟ್ರೋಲ್ ಎಚ್ ಒತ್ತಿಸಿದರು. ಚುಕ್ಕಿಯಿಂದ ಶುರುವಾಗುವ, ಅದುವರೆಗೆ ಅವಿತಿದ್ದ ಫೋಲ್ಡರುಗಳೆಲ್ಲ ಒಮ್ಮೆಗೇ ಎದ್ದು ಕೂತವು. "ಇಷ್ಟೆಲ್ಲ ನಮ್ಮನೆಯಲ್ಲೇ ಇತ್ತಾ?" ಎಂದರು ಮಾವನವರು.

ಎರಡನೆಯ ಪ್ರಸಂಗದಲ್ಲಿ ಹೆದರಿದವರು ಅತ್ತೆ. ಉಬುಂಟುವಿನಲ್ಲಿ ಫೈರ್‌ಫಾಕ್ಸ್ ಬರುವುದು ಸ್ನ್ಯಾಪ್ ಎಂಬ ಪೊಟ್ಟಣದಲ್ಲಿ. 2022ರ 22.04 ಆವೃತ್ತಿಯಿಂದ ಹಳೆಯ ಡೆಬ್ ಪೊಟ್ಟಣವನ್ನು ಕೇಳಿದರೂ ಉಬುಂಟು ಕೈಗಿಡುವುದು ಸ್ನ್ಯಾಪನ್ನೇ. ಶುರುವಿನಲ್ಲಿ ಅದು ತೆರೆದುಕೊಳ್ಳಲು ತೆಗೆದುಕೊಳ್ಳುತ್ತಿದ್ದ ಸಮಯ ಲಿನಕ್ಸ್ ಬಳಗದಲ್ಲಿ ಬಹುಕಾಲದ ಹಾಸ್ಯವಸ್ತುವಾಗಿತ್ತು. ಆಮೇಲೆ ವೇಗ ಸುಧಾರಿಸಿತು, ಹಾಸ್ಯ ಹಾಗೇ ಉಳಿಯಿತು. ಉಬುಂಟುವಿನ ಮೇಲೆಯೇ ಕಟ್ಟಿದ ಲಿನಕ್ಸ್ ಮಿಂಟ್ 2020ರಲ್ಲೇ ಸ್ನ್ಯಾಪಿಗೆ ಬಾಗಿಲು ಹಾಕಿತ್ತು. ಸ್ನ್ಯಾಪಿನ ಇನ್ನೊಂದು ಗುಣವೆಂದರೆ ತಾನೇ ಅಪ್‌ಡೇಟ್ ಆಗುವುದು. ಬ್ರೌಸರ್ ತೆರೆದಿದ್ದರೆ ಎರಡು ವಾರದವರೆಗೆ ಕಾಯುತ್ತದೆ, ಕಾಯುತ್ತಿದ್ದೇನೆ ಎಂದು ನೆನಪಿಸುತ್ತಲೂ ಇರುತ್ತದೆ. ಮಾವನವರು ಬ್ರೌಸರ್ ಮುಚ್ಚುವವರಲ್ಲ, ಮಾನಿಟರ್ ಆರಿಸಿ ಎದ್ದುಹೋಗುವವರು. ಹಾಗಾಗಿ ಒಂದು ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಪರದೆಯ ಮೇಲೆ ಮೂಡಿತು: ಇನ್ನು 13 ದಿನ ಉಳಿದಿದೆ.

"ಯಾರಿಗೆ?" ಎಂದು ಅತ್ತೆ ಕೇಳಿದರು.

ಹದಿಮೂರನೆಯ ದಿನಕ್ಕೆ ನಮ್ಮ ಮನೆಗಳಲ್ಲಿ ಏನು ಮಾಡುತ್ತಾರೆಂದು ಉಬುಂಟು ತಯಾರಿಸುವ ಕೆನಾನಿಕಲ್ ಕಂಪನಿಯ ಎಂಜಿನಿಯರುಗಳಿಗೆ ಯಾರೂ ತಿಳಿಸಿದ ಹಾಗಿಲ್ಲ. ಬ್ರೌಸರ್ ಒಮ್ಮೆ ಮುಚ್ಚಿ ತೆರೆದರೆ ಸಾಕು, ಸೂಚನೆ ಹೋಗುತ್ತದೆ ಎಂದು ಅಳಿಯಂದಿರು ವಿವರಿಸಿದರು. ಅತ್ತೆಯವರು ಅದರ ಜೊತೆಗೆ ಒಂದು ತೆಂಗಿನಕಾಯಿಯನ್ನೂ ಒಡೆಸಿದರು.

ಆಮೇಲೆ ಗಡಿಯಾರದ ಕಥೆ. ಆ ಮನೆಯ ಹಜಾರದ ಗಡಿಯಾರ ಮೊದಲಿನಿಂದಲೂ ಐದು ನಿಮಿಷ ಮುಂದಿದೆ, ಬಸ್ಸು ತಪ್ಪದಿರಲಿ ಎಂದು. ನಿವೃತ್ತಿಯಾಗಿ ಬಸ್ಸಿನ ಸಹವಾಸ ಬಿಟ್ಟರೂ ಐದು ನಿಮಿಷ ಬಿಟ್ಟಿಲ್ಲ. ಕಂಪ್ಯೂಟರಿನ ಗಡಿಯಾರ ಹಜಾರದ್ದಕ್ಕೆ ತಾಳೆಯಾಗದೆ ಕಣ್ಣು ಕುಕ್ಕುತ್ತಿತ್ತು. ಮಾವನವರು ಸೆಟ್ಟಿಂಗ್ಸ್‌ನಲ್ಲಿ ಹುಡುಕಾಡಿ, ಇಂಟರ್ನೆಟ್‌ನಿಂದ ಸಮಯ ತಂದುಕೊಳ್ಳುವ ಏರ್ಪಾಡನ್ನು ನಿಲ್ಲಿಸಿ, ಅದಕ್ಕೂ ಐದು ನಿಮಿಷ ದಾನ ಮಾಡಿದರು. ಅತ್ತೆಯವರಿಗೆ ರಾತ್ರಿ ಮಲಗುವ ಮುಂಚೆ ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸುವ ಅಭ್ಯಾಸ. ಕರೆಂಟಿಲ್ಲದಾಗ ಸಮಯ ಕಾಯುವ ಕೆಲಸ ಮದರ್‌ಬೋರ್ಡಿನ ಮೇಲಿನ ಸಿಆರ್2032 ಎಂಬ ಗುಂಡನೆಯ ಪುಟ್ಟ ಬ್ಯಾಟರಿಯದು. ಕಂಪ್ಯೂಟರಿನಷ್ಟೇ ವಯಸ್ಸಾದ ಆ ಬ್ಯಾಟರಿ ಒಂದು ರಾತ್ರಿ ಕಣ್ಣುಮುಚ್ಚಿತು. ಬೆಳಗ್ಗೆ ಕಂಪ್ಯೂಟರ್ ಎದ್ದಾಗ ಅದರ ಪಾಲಿಗೆ ಹಲವು ತಿಂಗಳು ಹಿಂದಿನ ದಿನವಾಗಿತ್ತು.

ಬ್ರೌಸರಿಗೆ ಇದು ದೊಡ್ಡ ಆಘಾತ. ಪ್ರತಿ ಸುರಕ್ಷಿತ ಜಾಲತಾಣದ ಬಳಿ ಒಂದು ಪ್ರಮಾಣಪತ್ರವಿರುತ್ತದೆ, ಅದರ ಮೇಲೆ ಯಾವಾಗಿನಿಂದ ಯಾವಾಗಿನವರೆಗೆ ಸಲ್ಲುತ್ತದೆ ಎಂದು ಬರೆದಿರುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಪುಕ್ಕಟೆಯಾಗಿ ಕೊಡುವ ಪತ್ರಗಳ ಆಯುಸ್ಸು ಸಾಮಾನ್ಯವಾಗಿ 90 ದಿನ. ತಿಂಗಳುಗಳ ಹಿಂದೆ ನಿಂತು ನೋಡುವ ಕಂಪ್ಯೂಟರಿಗೆ ಅವು ಇನ್ನೂ ಹುಟ್ಟೇ ಇಲ್ಲ. ಹೀಗಾಗಿ ಪೇಪರು, ಪಂಚಾಂಗ, ಯೂಟ್ಯೂಬು ಎಲ್ಲದರ ಮುಂದೂ ಒಂದೇ ಎಚ್ಚರಿಕೆ: ಸಂಪರ್ಕ ಸುರಕ್ಷಿತವಲ್ಲ. ಅಳಿಯಂದಿರು ಕ್ಯಾಶೆ ತೆಗೆಸಿದರು, ಡಿಎನ್‌ಎಸ್ ಬದಲಿಸಿದರು, ಹೊಸ ಪ್ರೊಫೈಲ್ ಮಾಡಿಸಿದರು. ಟರ್ಮಿನಲ್ಲಿನಿಂದ ಬ್ರೌಸರ್ ಶುರುಮಾಡಿಸಿ, ಅದು ಉಗುಳಿದ ಜಿಟಿಕೆ ಎಚ್ಚರಿಕೆಗಳನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಂಡು ಓದಿದರು. (ಆ ಎಚ್ಚರಿಕೆಗಳು ಆರೋಗ್ಯವಂತ ಬ್ರೌಸರಿನಲ್ಲೂ ಬರುತ್ತವೆ. ಲಿನಕ್ಸ್ ಬಳಸುವವರು ಅವನ್ನು ಓದುವುದು ಮನಸ್ಸಮಾಧಾನಕ್ಕೆ.) ಕೊನೆಗೆ ಮಾವನವರು ಕಳಿಸಿದ ಫೋಟೋದ ತುದಿಯಲ್ಲಿದ್ದ ತಾರೀಕು ಮಗಳ ಕಣ್ಣಿಗೆ ಬಿತ್ತು. "ಇದೇನ್ರೀ, ಅಪ್ಪನ ಮನೇಲಿ ಇನ್ನೂ ಮಾವಿನ ಕಾಲ!"

ಪ್ರಮಾಣಪತ್ರದ ತಾರೀಕು ದೊಡ್ಡವರನ್ನೂ ಬಿಟ್ಟಿಲ್ಲ. 2019ರ ಮೇ 4ರಂದು ಜಗತ್ತಿನ ಫೈರ್‌ಫಾಕ್ಸ್‌ಗಳಲ್ಲಿ ಆ್ಯಡ್-ಆನ್‌ಗಳು ಸಾಲುಸಾಲಾಗಿ ಮಲಗಿದವು. ಆ್ಯಡ್-ಆನ್‌ಗಳಿಗೆ ಸಹಿ ಹಾಕಲು ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಬಳಸುತ್ತಿದ್ದ ಪ್ರಮಾಣಪತ್ರವೊಂದರ ಅವಧಿ ಮುಗಿದಿತ್ತು, ಅದನ್ನು ಸಮಯಕ್ಕೆ ಸರಿಯಾಗಿ ನವೀಕರಿಸಿರಲಿಲ್ಲ. ಜಾಹೀರಾತು ತಡೆಯುವ ಸಾಧನಗಳೆಲ್ಲ ಒಟ್ಟಿಗೆ ಮೌನವಾದವು. ಪರಿಹಾರ ಬರುವವರೆಗೆ ತಡೆಯಲಾರದ ಕೆಲವರು ತಮ್ಮ ಕಂಪ್ಯೂಟರಿನ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸಿ ಕೂತರು. ಮಾವನವರ ಮನೆಯಲ್ಲಿ ರೋಗವಾಗಿದ್ದದ್ದು ಅಲ್ಲಿ ಔಷಧವಾಗಿತ್ತು.

ನಿಜವಾಗಿ ಬ್ರೌಸರಿನದ್ದೇ ತಪ್ಪಾದ ದಿನವೂ ಒಂದಿದೆ, ಅದನ್ನು ಮುಚ್ಚಿಡಬಾರದು. 2022ರ ಜನವರಿ 13ರಂದು ಸುಮಾರು ಎರಡು ಗಂಟೆ ಕಾಲ ಪ್ರಪಂಚದಾದ್ಯಂತ ಫೈರ್‌ಫಾಕ್ಸ್ ಕೈಕಟ್ಟಿ ಕೂತಿತು. ಎಚ್‌ಟಿಟಿಪಿ/3 ಎಂಬ ಹೊಸ ಸಂವಹನ ವಿಧಾನದ ಕೋಡಿನಲ್ಲಿ ಒಂದು ಹೆಡರಿನ ಹೆಸರನ್ನು ಹುಡುಕುವಾಗ ದೊಡ್ಡಕ್ಷರ, ಸಣ್ಣಕ್ಷರದ ಭೇದ ಮಾಡಿದ್ದರಿಂದ, ಬ್ರೌಸರ್ ಕೊನೆಯಿಲ್ಲದ ಸುತ್ತಿಗೆ ಬಿದ್ದಿತ್ತು. ಅತ್ತ ಸರ್ವರುಗಳ ಕಡೆ ಆದ ಒಂದು ಬದಲಾವಣೆ ಈ ಹಳೆಯ ತಪ್ಪನ್ನು ಎಬ್ಬಿಸಿತು. ಆ ಎರಡು ಗಂಟೆಯಲ್ಲಿ ರೌಟರು ಆರಿಸಿ ಹಚ್ಚಿದವರೆಷ್ಟೋ, ಬ್ರೌಸರನ್ನು ಅಳಿಸಿ ಹಾಕಿದವರೆಷ್ಟೋ. ಅಳಿಸಿ ಹಾಕಿ ಮುಗಿಯುವ ಹೊತ್ತಿಗೆ ಅದು ತಾನೇ ಸರಿಹೋಯಿತು, ಅವರೆಲ್ಲ ತಮ್ಮ ಕೈಗುಣ ಚೆನ್ನಾಗಿದೆ ಎಂದು ಇಂದಿಗೂ ನಂಬಿರಬಹುದು.

ಅಳಿಯಂದಿರ ಸ್ವಂತ ಮನೆಯಲ್ಲೇನೂ ರಾಮರಾಜ್ಯವಿಲ್ಲ. ತಮ್ಮ ಲ್ಯಾಪ್‌ಟಾಪಿಗೆ ಅವರು ಹಾಕಿಕೊಂಡಿರುವುದು ಆರ್ಚ್ ಲಿನಕ್ಸ್. ಅದರಲ್ಲಿ ಬೇಕಾದ್ದನ್ನೆಲ್ಲ ಬಳಸುವವರೇ ಆರಿಸಿ ಹಾಕಿಕೊಳ್ಳಬೇಕು, ಬೇಡದ್ದು ಒಂದೂ ಇರಬಾರದು. ಹೆಂಡತಿ ಒಮ್ಮೆ ಅದರಲ್ಲಿ ಕನ್ನಡ ಪುಟವೊಂದನ್ನು ತೆರೆದರೆ ಅಕ್ಷರದ ಜಾಗದಲ್ಲೆಲ್ಲ ಪುಟ್ಟ ಪೆಟ್ಟಿಗೆಗಳು, ಒಳಗೆ ಮೇಲೆ 0ಸಿ, ಕೆಳಗೆ 95. ಫಾಂಟ್ ಸಿಗದಿದ್ದಾಗ ಫೈರ್‌ಫಾಕ್ಸ್ ಅಕ್ಷರದ ಯೂನಿಕೋಡ್ ಸಂಖ್ಯೆಯನ್ನೇ ಪೆಟ್ಟಿಗೆಯಲ್ಲಿಟ್ಟು ತೋರಿಸುತ್ತದೆ. ಕನ್ನಡದ ಅಕ್ಷರಗಳಿಗೆಲ್ಲ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಸೈಟುಗಳು ಮಂಜೂರಾಗಿವೆ, ಅದರಲ್ಲಿ 'ಕ' ಇರುವುದು 0ಸಿ95ರಲ್ಲಿ. ನೋಟೋ, ಲೋಹಿತ್, ಗುಬ್ಬಿ, ನವಿಲು ಎಂದು ಲಿನಕ್ಸಿಗೆ ಪುಕ್ಕಟೆ ಕನ್ನಡ ಫಾಂಟುಗಳಿಗೇನೂ ಬರವಿಲ್ಲ, ಒಂದು ಸಾಲಿನ ಆಜ್ಞೆಗೆ ಬಂದು ಕೂರುತ್ತವೆ. "ಮೂರು ವರ್ಷದಿಂದ ಇದನ್ನ ಬಳಸ್ತಿದೀರಿ, ಒಂದು ದಿನವೂ ಕನ್ನಡ ಓದಿಲ್ಲ ಅಂತಾಯ್ತು" ಎಂದು ಹೆಂಡತಿ ತೆಗೆದ ತೀರ್ಮಾನಕ್ಕೆ ಮಾತ್ರ ಯಾವ ಆಜ್ಞೆಯೂ ಇರಲಿಲ್ಲ.

ಇಷ್ಟೆಲ್ಲ ಕಂಡಮೇಲೂ ಅಳಿಯಂದಿರ ಪಾಂಡಿತ್ಯಕ್ಕೆ ನಿಜವಾದ ಸವಾಲು ಹಾಕಿದ್ದು ಒಂದು ಬ್ಯಾಂಕು. ಪಿಂಚಣಿ ಬಂತೇ ಎಂದು ನೋಡಲು ಹೋದ ಮಾವನವರಿಗೆ ಬ್ಯಾಂಕಿನ ಪುಟ ಹೇಳಿತು: ನಿಮ್ಮ ಆಪರೇಟಿಂಗ್ ಸಿಸ್ಟಮ್‌ಗೆ ಬೆಂಬಲವಿಲ್ಲ. ಬೀಗವಿಲ್ಲ, ಗಡಿಯಾರ ಸರಿಯಿದೆ, ಎರಡೂ ಬ್ರೌಸರಿನಲ್ಲಿ ಅದೇ ಪಾಠ. ಪ್ರತಿ ಬ್ರೌಸರೂ ಜಾಲತಾಣದ ಬಾಗಿಲಲ್ಲಿ ತನ್ನ ಗುರುತು ಹೇಳಿಕೊಳ್ಳುತ್ತದೆ, ಅದರಲ್ಲಿ ಲಿನಕ್ಸ್ ಎಂಬುದನ್ನು ಕಂಡೊಡನೆ ಬ್ಯಾಂಕು ಬಾಗಿಲು ಹಾಕುತ್ತಿತ್ತು. ಅಳಿಯಂದಿರು ಒಂದು ಎಕ್ಸ್‌ಟೆನ್ಷನ್ ಹಾಕಿ ಅಲ್ಲಿ ವಿಂಡೋಸ್ ಎಂದು ಬರೆಸಿದರು. ಅದೇ ಕಂಪ್ಯೂಟರು, ಅದೇ ಬ್ರೌಸರು, ಬಾಗಿಲು ತೆರೆಯಿತು.

ಈ ಗುರುತಿನ ಸಾಲಿನಷ್ಟು ಸುಳ್ಳು ಕಂಪ್ಯೂಟರ್ ಲೋಕದ ಇನ್ನಾವ ಸಾಲಿನಲ್ಲೂ ಇರಲಾರದು. ತೊಂಬತ್ತರ ದಶಕದಲ್ಲಿ ಕೆಲವು ಪುಟಗಳು ನೆಟ್‌ಸ್ಕೇಪ್ ಎಂಬ ಬ್ರೌಸರಿಗಷ್ಟೇ ಮಣೆ ಹಾಕುತ್ತಿದ್ದಾಗ, ಇಂಟರ್ನೆಟ್ ಎಕ್ಸ್‌ಪ್ಲೋರರ್ ಅದರ ಹಾಗೆಯೇ ತಾನೂ 'ಮೊಜಿಲ್ಲಾ' ಎಂದು ಹೇಳಿಕೊಂಡು ಒಳಹೊಕ್ಕಿತು. ಕೆಡಿಇ ಎಂಬ ಲಿನಕ್ಸ್ ಡೆಸ್ಕ್‌ಟಾಪಿಗಾಗಿ ಹುಟ್ಟಿದ ಕೆಎಚ್‌ಟಿಎಂಎಲ್ ಎಂಬ ಎಂಜಿನ್ನು ತಾನು ಮೊಜಿಲ್ಲಾದ ಎಂಜಿನ್ನಾದ ಗೆಕೋ ಇದ್ದ ಹಾಗೆ ಎಂದು ಸೇರಿಸಿಕೊಂಡಿತು. 2003ರಲ್ಲಿ ಆಪಲ್ ಆ ಎಂಜಿನ್ನಿನ ಕವಲನ್ನೇ ಇಟ್ಟುಕೊಂಡು ಸಫಾರಿ ತಂದಿತು. ಕ್ರೋಮ್ ಬಂದದ್ದು ಅದೇ ಕವಲಿನ ಮೇಲೆ, 2013ರಲ್ಲಿ ಗೂಗಲ್ ಅದರಿಂದ ಬ್ಲಿಂಕ್ ಎಂಬ ಇನ್ನೊಂದು ಕವಲು ಒಡೆಸಿತು. ಇವತ್ತು ಬ್ಯಾಂಕು ಕೈಮುಗಿದು ಒಳಬಿಡುವ ವಿಂಡೋಸ್ ಮೇಲಿನ ಕ್ರೋಮ್ ತನ್ನನ್ನು ಒಂದೇ ಉಸಿರಿನಲ್ಲಿ ಮೊಜಿಲ್ಲಾ ಎಂದೂ ಆಪಲ್ ಎಂದೂ ಕೆಎಚ್‌ಟಿಎಂಎಲ್ ಎಂದೂ ಸಫಾರಿ ಎಂದೂ ಹೇಳಿಕೊಳ್ಳುತ್ತದೆ. ಲಿನಕ್ಸ್ ಮೇಜಿನ ಮೇಲೆ ಹುಟ್ಟಿದ ಕೂಸಿನ ಹೆಸರು ಅದರ ಗುರುತಿನ ಚೀಟಿಯಲ್ಲೇ ಇದೆ, ಬ್ಯಾಂಕು ಅಷ್ಟು ಉದ್ದಕ್ಕೆ ಓದುವುದಿಲ್ಲ. ಇತ್ತ ಮಾವನವರಂಥವರೆಲ್ಲ ವಿಂಡೋಸ್ ಎಂದು ಬರೆಸಿ ಒಳಹೋಗುವುದರಿಂದ ಬ್ಯಾಂಕಿನ ಲೆಕ್ಕದಲ್ಲಿ ಲಿನಕ್ಸ್ ಗ್ರಾಹಕರೇ ಇರುವುದಿಲ್ಲ. ಇಲ್ಲದ ಗ್ರಾಹಕರಿಗೆ ಬೆಂಬಲವೇಕೆ ಎಂದು ಬ್ಯಾಂಕು ಕೇಳಿದರೆ ತಪ್ಪು ಹೇಳುವಂತಿಲ್ಲ.

ಇದನ್ನೆಲ್ಲ ಅಳಿಯಂದಿರು ಫೋನಿನಲ್ಲಿ ಸಂಭ್ರಮದಿಂದ ವಿವರಿಸಿದರು. ಮೂವತ್ತು ವರ್ಷ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಮಾವನವರು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು.

"ಅಂದ್ರೆ ನಮ್ಮ ಕಂಪ್ಯೂಟರ್ ಈಗ ಬ್ಯಾಂಕಿನಲ್ಲಿ ಒಂದು ಹೆಸರು, ಮನೇಲಿ ಒಂದು ಹೆಸರು."

"ಹೌದು ಮಾವ."

"ಅಫಿಡವಿಟ್ಟು ಮಾಡಿಸಿಡೋದು ಒಳ್ಳೇದು ಅಳಿಯಂದಿರೇ. ನಾಳೆ ನನಗೆ ಕೋರ್ಟಿನ ಕಡೆ ಕೆಲಸ ಇದೆ, ಹಾಗೇ ಒಂದು ಸ್ಟಾಂಪ್ ಪೇಪರು ತಂದುಬಿಡ್ತೀನಿ."